ಅಮ್ಮನ ಬೆನ್ನ ಹಿಂದಿನ ಕಮಾನು

ಚಾಮರಾಜಪೇಟೆ, ಬೆಂಗಳೂರು
೧೦ ನವೆಂಬರ್ ೨೦೨೪

ಪ್ರೀತಿಯ ಅಕ್ಕ,

ಕ್ರಿಸ್ಮಸ್ಸಿಗೊಂದು, ನಿನ್ನ ಹುಟ್ಟುಹಬ್ಬಕ್ಕೊಂದು ಕಾಗದ ಬರೆಯುವವನು ನಾನು. ನಡುವೆ ಇದೊಂದು ಬಂತೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಜನ ಈಗ ಮದುವೆಯ ಕರೆಯೋಲೆಯನ್ನು ಮೊಬೈಲಿನಲ್ಲೇ ಕಳಿಸುತ್ತಾರೆ. ಆದರೂ ದೇವರ ಮುಂದಿಡಲು, ಬೀಗರ ಕೈಗೆ ಕೊಡಲು ಒಂದಿಷ್ಟು ಅಚ್ಚು ಹಾಕಿಸಲೇಬೇಕು. ಆ ಒಂದಿಷ್ಟರ ಮೇಲೆ ಬಳೇಪೇಟೆಯ ನಮ್ಮ ಅಂಗಡಿ ನಡೆಯುತ್ತಿದೆ. ನನ್ನಾಕೆ ಕೋಕಿಲಾ ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಅಮ್ಮ ಎಂದಿನಂತೆ.

ವಿಷಯ ಇಷ್ಟು. ನಮ್ಮ ಸಂತ ರೋಕ್ಕರ ದೇವಾಲಯವನ್ನು ಕೆಡವಿ ಹೊಸದು ಕಟ್ಟಬೇಕೆಂದು ಫಾದರ್ ಚೌರಪ್ಪನವರ ಯೋಚನೆ. ಅದಕ್ಕೊಂದು ಕಟ್ಟಡ ಸಮಿತಿ ಮಾಡಿದ್ದಾರೆ, ನಾನು ಕಾರ್ಯದರ್ಶಿ. ಹೊಸ ದೇವಾಲಯದ ಬಣ್ಣದ ಚಿತ್ರ ಈಗಾಗಲೇ ಮುಂಬಾಗಿಲ ಹತ್ತಿರ ತೂಗುತ್ತಿದೆ. ಒಳಗೆ ಒಂದೇ ಒಂದು ಕಂಬವಿಲ್ಲ. ಎಲ್ಲಿ ಕೂತರೂ ಬಲಿಪೀಠ ಕಾಣುತ್ತದೆ. ನೋಡಿದರೆ ನಿನಗೂ ಇಷ್ಟವಾದೀತು.

ಆದರೆ ಹಳಬರು ಮುಖ ಸಿಂಡರಿಸುತ್ತಿದ್ದಾರೆ. ಮೊನ್ನೆ ಫಾದರ್ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಕ್ಕ ಒಂದ್ಸಲ ಹೂಂ ಅಂದ್ಬಿಟ್ರೆ ಯಾರೂ ಮಾತಾಡಲ್ಲ ಇನ್ನಾಸಪ್ಪ" ಅಂದರು. ನಿಜ. ಕನ್ಯಾಮಠ ಸೇರುವ ಮೊದಲು ನೀನು ಆರ್ಕಿಟೆಕ್ಟ್ ಆಗಿದ್ದದ್ದು, ಬೀಳುತ್ತದೆ ಎಂದಿದ್ದ ಗಂಟೆಗೋಪುರವನ್ನು ನಿಂತು ರಿಪೇರಿ ಮಾಡಿಸಿದ್ದು ಇಲ್ಲಿ ಯಾರೂ ಮರೆತಿಲ್ಲ. ಮಠದ ಬಾಗಿಲು ದಾಟದೆ ಇಪ್ಪತ್ತಾರು ವರ್ಷ ಪ್ರಾರ್ಥನೆಯಲ್ಲಿರುವವಳ ಮಾತಿಗೆ ತೂಕವೂ ಹೆಚ್ಚು. ನಿಮ್ಮಲ್ಲಿ ಫೋನಿಲ್ಲದ ಕಾರಣ ಬರೆಯುತ್ತಿದ್ದೇನೆ. ಎರಡು ಸಾಲು ಸಾಕು, ಸಮಿತಿಯಲ್ಲಿ ಓದಿಬಿಡುತ್ತೇನೆ.

ನಿನ್ನ ತಮ್ಮ,
ಇನ್ನಾಸಿ


ಕನ್ಯಾಮಠ, ಶ್ರೀರಂಗಪಟ್ಟಣದ ಹತ್ತಿರ
೨೦ ನವೆಂಬರ್ ೨೦೨೪

ಪ್ರೀತಿಯ ಇನ್ನಾಸಿ,

ಕೆಡವಬೇಡಿ. ನೀನು ಕೇಳಿದ್ದು ಎರಡು ಸಾಲು, ನಾನು ಒಂದೇ ಪದದಲ್ಲಿ ಮುಗಿಸಿದ್ದೇನೆ. ಸಮಿತಿಯಲ್ಲಿ ಅದನ್ನೇ ಓದು.

ಇನ್ನು ಮುಂದಿನದು ನಿನಗೆ. ನಮ್ಮ ದೇವಾಲಯವನ್ನು ನಿನಗೇ ವರ್ಣಿಸಬೇಕಾಗಿದೆ, ಏಕೆಂದರೆ ನೀನು ಅದನ್ನು ಎಂದೂ ನೋಡಿದವನಲ್ಲ. ಪೂಜೆ ಯಾವಾಗ ಮುಗಿಯುತ್ತದೋ ಎಂದು ಬಾಗಿಲು ನೋಡುತ್ತಿದ್ದವನು. ಆ ಎರಡು ಸಾಲು ಕಂಬಗಳ ಒಳಗಿರುವುದು ಕಲ್ಲು, ಮೇಲೆ ಸುಣ್ಣದ ಗಾರೆ. ಗಾರೆಯನ್ನು ಎಷ್ಟು ಉಜ್ಜಿದ್ದಾರೆಂದರೆ ಮೇಣದಬತ್ತಿ ಹಚ್ಚಿದಾಗ ಕಂಬದಲ್ಲಿ ಇನ್ನೊಂದು ಬತ್ತಿ ಉರಿಯುತ್ತದೆ. ಸೂರು ತೇಗದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿದ ಮದ್ರಾಸ್ ತಾರಸಿ. ಏಪ್ರಿಲಿನಲ್ಲೂ ಒಳಗೆ ತಂಪು. ಕಂಬಗಳ ಮೇಲೆ ಸಾಲಾಗಿರುವ ಸಣ್ಣ ಕಿಟಕಿಗಳಿಂದ ಬೆಳಗಿನ ಪೂಜೆಯ ಹೊತ್ತಿಗೆ ಬೆಳಕು ಇಳಿದು ನೇರ ಪೀಠದ ಮೇಲೆ ಬೀಳುತ್ತದೆ. ಆ ಪೀಠವನ್ನು ಕೆತ್ತಿದವರು ಅದಕ್ಕೆ ಮೊದಲು ಗುಡಿಗಳ ಮಂಟಪ ಕೆತ್ತುತ್ತಿದ್ದವರಿರಬೇಕು. ನಮ್ಮ ದೇವದೂತರ ಕಣ್ಣು ನೋಡು, ಅಗಲ, ಉದ್ದ. ತೋಳಿನಲ್ಲಿ ವಂಕಿ ಇದೆ. ಪೀಠದ ಬುಡದಲ್ಲಿ ತಾವರೆ ಇದೆ. ಇಂಥ ದೇವದೂತರು ರೋಮಿನಲ್ಲಿ ಸಿಗುವುದಿಲ್ಲ, ಚಾಮರಾಜಪೇಟೆಯಲ್ಲಿ ಮಾತ್ರ ಸಿಗುತ್ತಾರೆ.

ಇದನ್ನು ಕೆಡವಿ ಒಂದು ಕಲ್ಯಾಣಮಂಟಪ ಕಟ್ಟುತ್ತೀರಾ?

ಡಿಸೆಂಬರ್ ಒಂದರಿಂದ ಆಗಮನ ಕಾಲ. ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲ, ಈಸ್ಟರಿಗೆ ಮೊದಲಿನ ತಪಸ್ಸುಕಾಲ ಎರಡರಲ್ಲೂ ನಾವು ಕಾಗದ ಬರೆಯುವುದಿಲ್ಲ ಎಂದು ನಿನಗೆ ಗೊತ್ತು. ಹಬ್ಬ ಕಳೆದ ಮೇಲೆ ಬರೆಯುತ್ತೇನೆ. ಅಮ್ಮ "ಎಂದಿನಂತೆ" ಎಂದರೆ ಹೇಗೆ? ಬಿಡಿಸಿ ಬರೆ.

ಅಕ್ಕ
ಸೆಲೀನಾ


ಚಾಮರಾಜಪೇಟೆ
೨೯ ಡಿಸೆಂಬರ್ ೨೦೨೪

ಪ್ರೀತಿಯ ಅಕ್ಕ,

ಹಬ್ಬದ ಶುಭಾಶಯ. ನಿನ್ನ ಕಾಗದವನ್ನು ಸಮಿತಿಯಲ್ಲಿ ಓದಲಿಲ್ಲ. ಓದಿದ್ದರೆ ಫಾದರ್ ನನ್ನನ್ನೇ ಕೆಡವುತ್ತಿದ್ದರು.

ಕ್ರಿಸ್ಮಸ್ ಪೂಜೆಗೆ ಬಂದ ಜನ ನೋಡಬೇಕಿತ್ತು ನೀನು. ನಿನ್ನ ಕಾಲದ ಊರಲ್ಲ ಇದು. ನಮ್ಮ ಹಳೆಯ ಮನೆತನಗಳ ಜೊತೆಗೆ ಈಗ ಹೋಟೆಲ್ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರಿದ್ದಾರೆ. ನಗರ್ತಪೇಟೆಯ ಗೋಡೌನುಗಳಲ್ಲಿ ದುಡಿಯುವ ಒಡಿಶಾದ ಹುಡುಗಿಯರ ಒಂದು ದೊಡ್ಡ ಗುಂಪೇ ಬರುತ್ತದೆ. ಒಳಗೆ ಕೂತವರಷ್ಟೇ ಜನ ಹೊರಗೆ, ಶಾಮಿಯಾನದ ಕೆಳಗೆ. ಅವರಿಗೆ ದೇವರೆಂದರೆ ಮೈಕಿನ ಸದ್ದು. ಒಳಗಿದ್ದವರ ಪಾಡೂ ಅಷ್ಟೇ. ಅರ್ಧ ಜನ ನಿನ್ನ ಕಂಬಗಳ ಹಿಂದೆ ಕೂತು ಗಾರೆ ನೋಡುತ್ತಾರೆ.

ಫಾದರ್ ಕೆಟ್ಟವರಲ್ಲ ಅಕ್ಕ. ಪರಮಪ್ರಸಾದ ಕೊಡಲು ತಟ್ಟೆ ಹಿಡಿದು ಬಿಸಿಲಲ್ಲಿ ಹೊರಗೆ ಬಂದಾಗ ಅವರ ಮುಖ ನೋಡಿದ್ದೇನೆ, ನಾಚಿಕೆಯಿಂದ ತಗ್ಗಿರುತ್ತದೆ. ನೀನು ಹೇಳಿದ ತಾವರೆ, ವಂಕಿ ಎಲ್ಲ ಸರಿ. ಅದನ್ನು ನೋಡಬೇಕಾದವರು ಒಳಗೆ ಬರುವುದು ಹೇಗೆ?

ಅಮ್ಮ ಚೆನ್ನಾಗಿದ್ದಾಳೆ. ವಯಸ್ಸಾಯಿತಲ್ಲ, ಬಸ್ಸಿನ ಪ್ರಯಾಣ ಆಯಾಸ ಎನ್ನುತ್ತಾಳೆ.

ಇನ್ನಾಸಿ


ಕನ್ಯಾಮಠ
೧೨ ಜನವರಿ ೨೦೨೫

ಪ್ರೀತಿಯ ಇನ್ನಾಸಿ,

ಜನ ಹೆಚ್ಚಾದರೆ ಪೂಜೆ ಹೆಚ್ಚಿಸಿ. ಭಾನುವಾರ ಬೆಳಗ್ಗೆ ಎರಡಿದ್ದರೆ ಮೂರು ಮಾಡಿ, ಸಂಜೆಗೊಂದು ಸೇರಿಸಿ. ಕಂಬದ ಹಿಂದೆ ಕೂತವನಿಗೆ ಪೀಠ ಕಾಣದಿದ್ದರೆ ಅವನು ಒಂದು ಗೇಣು ಪಕ್ಕಕ್ಕೆ ಸರಿಯಲಿ. ಸೂರು ಹೊತ್ತಿರುವ ಕಂಬ ಸರಿಯಲಾರದು.

ನಾನು ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆದರೆ ಕಟ್ಟಡ ಓದುವುದನ್ನು ಮರೆತಿಲ್ಲ. ಹೊಸ ಚಿತ್ರ ನೋಡದೆಯೇ ಹೇಳಬಲ್ಲೆ: ಹತ್ತು ವರ್ಷದಲ್ಲಿ ಸೋರುತ್ತದೆ, ಹದಿನೈದು ವರ್ಷದಲ್ಲಿ ಹಳತಾಗುತ್ತದೆ, ಆಗ ಇನ್ನೊಬ್ಬ ಫಾದರ್ ಇನ್ನೊಂದು ಚಿತ್ರ ತೂಗುಹಾಕುತ್ತಾರೆ.

ಇನ್ನೊಂದು ಮಾತು. ಅಮ್ಮ ಇಲ್ಲಿಗೆ ಬಂದು ಎರಡು ವರ್ಷದ ಮೇಲಾಯಿತು. ಮೊದಲೆಲ್ಲ ಮೆಜೆಸ್ಟಿಕ್ಕಿನಲ್ಲಿ ಒಬ್ಬಳೇ ಬಸ್ಸು ಹತ್ತಿ, ಕೋಡುಬಳೆ ಡಬ್ಬಿ ಹಿಡಿದು ಬರುತ್ತಿದ್ದವಳು. ಬಸ್ಸಿನ ಆಯಾಸ ಎಂದರೆ ನಾನು ನಂಬುವುದಿಲ್ಲ. ಅವಳು ಈಗಲೂ ಪ್ರವಚನ ಪೀಠದ ಎದುರಿನ ಮೂರನೆಯ ಬೆಂಚಿನಲ್ಲೇ ತಾನೇ ಕೂರುವುದು? ಹೊಸ ದೇವಾಲಯದಲ್ಲಿ ಆ ಬೆಂಚು ಎಲ್ಲಿರುತ್ತದೆ ಎಂದು ಅವಳನ್ನೇ ಒಂದು ಮಾತು ಕೇಳು. ಅವಳು ಒಪ್ಪಿದರೆ ಆಮೇಲೆ ನನ್ನ ಹತ್ತಿರ ಬಾ.

ಸೆಲೀನಾ


ಚಾಮರಾಜಪೇಟೆ
೨೬ ಜನವರಿ ೨೦೨೫

ಅಕ್ಕ,

ಅಮ್ಮ ಆ ಬೆಂಚಿನಲ್ಲಿ ಕೂತು ಎರಡು ವರ್ಷವಾಯಿತು.

ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಅಂದಿನಿಂದ ಗಾಲಿಕುರ್ಚಿ. "ಸೆಲೀನಾಗೆ ಬರೀಬೇಡ ಕಣೋ. ಅವಳಿಗೆ ಬರೋಕಾಗಲ್ಲ. ಸುಮ್ನೆ ಒಳಗೊಳಗೇ ಕೊರಗ್ತಾಳೆ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಇವತ್ತು ಆ ಮಾತು ಮುರಿಯುತ್ತಿದ್ದೇನೆ.

ಮುಂಬಾಗಿಲ ಮೆಟ್ಟಿಲು ನೇರ ರಸ್ತೆಗೇ ಇಳಿಯುತ್ತವೆ, ಇಳಿಜಾರು ಹಾಕಲು ಮಾರು ಜಾಗವಿಲ್ಲ. ಫಾದರ್ ಬಟ್ಟೆ ಉಡುವ ಕೋಣೆಯ ಬಾಗಿಲು ಕಿರಿದು, ಕುರ್ಚಿ ಹಿಡಿಸುವುದಿಲ್ಲ. ಒಮ್ಮೆ ಗುಡ್ ಫ್ರೈಡೇ ದಿನ ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಿದೆವು. ನಡುವೆ ಸೀರೆ ಗಾಲಿಗೆ ಸಿಕ್ಕಿಕೊಂಡಿತು. ಎಲ್ಲರೂ ನೋಡುತ್ತಿದ್ದರು. ಮನೆಗೆ ಬಂದವಳು, "ನಾನೇನು ಮೆರವಣಿಗೆ ಸಂತರ ಸ್ವರೂಪಾನಾ ಹೊತ್ಕೊಂಡ್ ಹೋಗೋಕೆ, ಇನ್ನು ಬೇಡ" ಅಂದಳು. ಅಷ್ಟೇ. ಈಗ ಪ್ರತಿ ಭಾನುವಾರ ದಕ್ಷಿಣದ ಅಂಗಳದಲ್ಲಿ ಗೋಡೆಗೆ ಒರಗಿಸಿ ಕುರ್ಚಿ ನಿಲ್ಲಿಸುತ್ತೇನೆ. ಮೈಕು ಕೇಳುತ್ತಾ ಜಪಸರ ಎಣಿಸುತ್ತಾಳೆ. ನೀನು ವರ್ಣಿಸಿದ ಪೀಠವನ್ನು ಅವಳು ಅಂದಿನಿಂದ ಕಂಡಿಲ್ಲ.

ಕೆಲಸ ಬಿಟ್ಟೆ, ಮನೆ ಬಿಟ್ಟೆ, ನಮ್ಮನ್ನೂ ಬಿಟ್ಟು ಹೋದೆ. ದೇವರು ಕರೆದ ಎಂದೆ, ನಾವ್ಯಾರೂ ತಡೆಯಲಿಲ್ಲ. ಈ ಕಟ್ಟಡ ಒಂದನ್ನು ಮಾತ್ರ ಬಿಡಲಾಗಲಿಲ್ಲವಲ್ಲ ಅಕ್ಕ ನಿನಗೆ.

ಇನ್ನಾಸಿ


ಕನ್ಯಾಮಠ
೩ ಮಾರ್ಚ್ ೨೦೨೫

ಪ್ರೀತಿಯ ಇನ್ನಾಸಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ನಾಡಿದ್ದು ಬೂದಿ ಬುಧವಾರ. ಈಗ ಬರೆಯದಿದ್ದರೆ ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಬರುವವರೆಗೆ ಬರೆಯುವಂತಿಲ್ಲ.

ಅಮ್ಮನ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ಅದು ಅವಳಿಗೂ ನನಗೂ ಇರಲಿ.

ಹಿಂದಿನ ಎರಡು ಕಾಗದದಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಮ್ಮ ಒಳಗೆ ಹೋಗಲಾಗದ ದೇವಾಲಯ ಚೆಂದವಿದ್ದರೆಷ್ಟು, ಬಿಟ್ಟರೆಷ್ಟು. ಬೇರೆ ದಾರಿಯೇ ಇಲ್ಲವೆಂದಾದರೆ ಕೆಡವಿ. ನನ್ನ ಒಪ್ಪಿಗೆ ಇದೆ, ಸಮಿತಿಯಲ್ಲಿ ಓದು.

ಆದರೆ ಬೇರೆ ದಾರಿ ಇದೆ.

ಅಮ್ಮ ದಕ್ಷಿಣದ ಗೋಡೆಗೆ ಒರಗಿ ಕೂರುತ್ತಾಳೆ ಎಂದು ಬರೆದೆ. ಅದನ್ನು ಓದಿದಾಗಿನಿಂದ ಆ ಗೋಡೆ ನನ್ನ ಕಣ್ಣ ಮುಂದೆಯೇ ಇದೆ. ಅದರ ಗಾರೆ ಪ್ರತಿ ಬೇಸಿಗೆಯಲ್ಲೂ ಬಿರಿಯುತ್ತಿತ್ತು, ನೆನಪಿದೆಯಾ? ಆಗಸ್ಟಿನ ಹಬ್ಬಕ್ಕೆ ಮೇಸ್ತ್ರಿ ಬಂದು ಮೆತ್ತಿ ಸುಣ್ಣ ಬಳಿದು ಹೋಗುತ್ತಿದ್ದ. ಮುಂದಿನ ಬೇಸಿಗೆಗೆ ಮತ್ತೆ ಅಲ್ಲೇ ಬಿರುಕು. ಅದು ನೆಟ್ಟಗಿರುತ್ತಿರಲಿಲ್ಲ. ಅರ್ಧಚಂದ್ರನ ಹಾಗೆ ಬಾಗಿ ಇಳಿಯುತ್ತಿತ್ತು. ಸಾಲಾಗಿ ಐದು ಕಡೆ. ಬರಿಯ ಗೋಡೆ ಹಾಗೆ ಬಿರಿಯುವುದಿಲ್ಲ. ಒಳಗೆ ಕಮಾನಿದ್ದು, ಅದನ್ನು ಬೇರೆ ಕಾಲದ ಇಟ್ಟಿಗೆಯಿಂದ ಮುಚ್ಚಿದ್ದರೆ, ಹಳತು ಹೊಸತು ಕೂಡುವ ಕಡೆ ಮಾತ್ರ ಹಾಗೆ ಬಿರಿಯುತ್ತದೆ.

ನಮ್ಮ ದೇವಾಲಯ ಪ್ಲೇಗಿನ ಕಾಲದ್ದು, ರೋಕ್ಕರು ಪ್ಲೇಗಿನಿಂದ ಕಾಯುವ ಸಂತರು. ರೋಗಿಗಳು ಗಾಳಿಯಲ್ಲಿ ಹೊರಗೇ ಮಲಗಿ ಪೂಜೆ ನೋಡಲೆಂದು ಆ ಬದಿಯನ್ನು ತೆರೆದಿಟ್ಟಿರಬೇಕು. ಪ್ಲೇಗು ಹೋದ ಮೇಲೆ ಯಾರೋ ಮುಚ್ಚಿದ್ದಾರೆ. ಇದು ನನ್ನ ಊಹೆ. ಆದರೆ ಬಿರುಕು ಊಹೆಯಲ್ಲ. ಅಮ್ಮ ಒರಗಿ ಕೂರುತ್ತಿರುವುದು ಗೋಡೆಗಲ್ಲ ಇನ್ನಾಸಿ, ಮುಚ್ಚಿದ ಬಾಗಿಲಿಗೆ. ತೆರೆದರೆ ಅಂಗಳವೇ ದೇವಾಲಯವಾಗುತ್ತದೆ.

ಮೊದಲೇ ಹೊಳೆಯಬೇಕಿತ್ತು. ನಾನು ಕಂಬಗಳ ಪರ ವಾದಿಸುತ್ತಿದ್ದೆ, ಜನ ಎಲ್ಲಿ ನಿಂತಿದ್ದಾರೆ ಎಂದು ಕೇಳಲೇ ಇಲ್ಲ.

ಒಬ್ಬ ಒಳ್ಳೆಯ ಎಂಜಿನಿಯರನ್ನು ಹಿಡಿ. ಸುತ್ತಿಗೆ ಬೀಸುವ ಮೊದಲು ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳಿ. ಇನ್ನು ಪಾಸ್ಖದವರೆಗೆ ನನ್ನಿಂದ ಕಾಗದವಿಲ್ಲ, ನಿನ್ನವೂ ಹಬ್ಬದ ದಿನವೇ ನನ್ನ ಕೈಗೆ ಬರುವುದು. ನೀನೇ ನಿಂತು ಮಾಡಬೇಕು. ಮಾಡುತ್ತೀಯ.

ಸೆಲೀನಾ


ಚಾಮರಾಜಪೇಟೆ
೧೬ ಮಾರ್ಚ್ ೨೦೨೫

ಪ್ರೀತಿಯ ಅಕ್ಕ,

ನೀನು ಈಗ ಓದುವುದಿಲ್ಲ ಎಂದು ಗೊತ್ತು. ಆದರೂ ಬರೆಯದೆ ಇರಲಾಗುತ್ತಿಲ್ಲ.

ಎಂಜಿನಿಯರ್ ಎಂದಾಗ ನಮ್ಮ ಎದುರು ಸಾಲಿನ ವಾದಿರಾಜ ರಾಯರೇ ನೆನಪಾದರು. ಪಿಡಬ್ಲ್ಯೂಡಿಯಲ್ಲಿ ಸೇತುವೆ ಕಟ್ಟಿಸಿ ರಿಟೈರಾದವರು, ಹಣೆಗೆ ಅಂಗಾರಾಕ್ಷತೆ ಇಡದೆ ಹೊರಗೆ ಬಾರದವರು. ಹೋಗಿ ಹೇಳಿದೆ. ಕಾಫಿ ಕೊಟ್ಟು, ಪೂರ್ತಿ ಕೇಳಿ, "ಅರವತ್ತು ವರ್ಷದಿಂದ ನಿಮ್ಮ ಗಂಟೆ ಕೇಳ್ಕೊಂಡೇ ಎದ್ದಿದೀನಿ, ಒಂದಿನ ಒಳಗೆ ಬಂದಿಲ್ಲ. ನಡೀರಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಒಳಗೆ ಬಂದವರು ಮೊದಲು ಮಾಡಿದ್ದು ಏನು ಗೊತ್ತಾ? ಮೇಲೆ ತಾರಸಿ ನೋಡುತ್ತಾ ನಿಂತುಬಿಟ್ಟರು. "ಯಾರ್ರೀ ಇದನ್ನ ಕೆಡವ್ಬೇಕು ಅಂದಿದ್ದು?" ಅಂದರು. ನಾನು ಆ ಬಣ್ಣದ ಚಿತ್ರಕ್ಕೆ ಅಡ್ಡ ನಿಂತೆ.

ಆಮೇಲೆ ದಕ್ಷಿಣದ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋದರು. ಒಂದು ಕಡೆ ಕಲ್ಲು ಬಡಿದ ಹಾಗೆ, ಎರಡು ಹೆಜ್ಜೆ ಆಚೆಗೆ ಮಡಕೆ ಬಡಿದ ಹಾಗೆ. ನನಗೂ ಕೇಳಿಸಿತು. ಫಾದರ್ ಅನುಮತಿ ಕೊಟ್ಟು ತಾವೂ ಬಂದು ನಿಂತರು. ಹೊರಗಡೆ, ಅಮ್ಮ ಕೂರುವ ಜಾಗದ ಮೇಲ್ಗಡೆ, ಒಂದಿಷ್ಟು ಗಾರೆ ಕೆರೆಸಿದೆವು. ತೆಳ್ಳಗಿನ ಹಳೆಯ ಇಟ್ಟಿಗೆಗಳು, ಬೀಸಣಿಗೆ ಬಿಡಿಸಿದ ಹಾಗೆ ಸಾಲಾಗಿ ಬಾಗಿ ನಿಂತಿವೆ. ಕೆಳಗೆ ತುಂಬಿಸಿರುವುದು ದಪ್ಪ ಇಟ್ಟಿಗೆ, ಬೇರೆ ಬಣ್ಣ.

ರಾಯರು ಅದರ ಮೇಲೆ ಅಂಗೈ ಇಟ್ಟು, "ಭಾರ ಹೊತ್ತಿರೋದು ಕಮಾನು ಇನ್ನಾಸಪ್ಪ. ಈ ಗೋಡೆ ಸುಮ್ನೆ ನಿಂತಿದೆ" ಅಂದರು.

ಇನ್ನಾಸಿ


ಚಾಮರಾಜಪೇಟೆ
೬ ಏಪ್ರಿಲ್ ೨೦೨೫

ಪ್ರೀತಿಯ ಅಕ್ಕ,

ಇವತ್ತು ಸಮಿತಿ ಸಭೆ. ಯಾವಾಗಲೂ ಫಾದರ್ ಬಂಗಲೆಯಲ್ಲಿ ಫ್ಯಾನಿನ ಕೆಳಗೆ ಸೇರುತ್ತಿದ್ದೆವು. ನಾನು ಕಾರ್ಯದರ್ಶಿ ತಾನೇ, ಈ ಸಲ ಕುರ್ಚಿಗಳನ್ನು ದಕ್ಷಿಣದ ಅಂಗಳದಲ್ಲಿ ಹಾಕಿಸಿದೆ, ಎರಡನೆಯ ಪೂಜೆ ಬಿಟ್ಟ ಮೇಲೆ, ನಡುಬಿಸಿಲಲ್ಲಿ. ಬೈದರು. ಬೈಯಲಿ, ಪ್ರತಿ ಭಾನುವಾರ ಜನ ಕೂರುವ ಜಾಗ ಅದು ಎಂದೆ.

ನಿನ್ನ ಕಾಗದ ಓದಿದೆ, ಒಪ್ಪಿಗೆ ಕೊಟ್ಟ ಸಾಲನ್ನೂ ಸೇರಿಸಿ. ಬಿಟ್ಟು ಓದಬಹುದಿತ್ತು. ಮನಸ್ಸು ಬರಲಿಲ್ಲ. ಅದನ್ನು ಕೇಳಿ ಹೊಸದು ಬೇಕೆನ್ನುವವರ ಮುಖ ಅರಳಿತು. "ಅಕ್ಕಪಕ್ಕದ ಊರಲ್ಲೆಲ್ಲ ಹೊಸ ಚರ್ಚು ಆಗಿವೆ. ನಾವು ಗೋಡೆ ತೂತು ಮಾಡ್ಕೊಂಡ್ ಕೂತ್ರೆ ನಗಲ್ವಾ?" ಎಂದರು ಒಬ್ಬರು. ವಾದಿರಾಜ ರಾಯರು ಎದ್ದು ಹೋಗಿ, ಅಮ್ಮನ ಕುರ್ಚಿಯ ತಲೆಯ ಮಟ್ಟದಲ್ಲಿ ಮೊದಲೇ ಸಡಿಲಿಸಿಟ್ಟಿದ್ದ ನಾಲ್ಕಾರು ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು ಕೆಳಗಿಟ್ಟರು. ಊಟದ ತಟ್ಟೆಯಷ್ಟು ಕಂಡಿಯಾಯಿತು. "ಫಾದರ್, ನೀವು ನೋಡಿ" ಅಂದರು.

ಫಾದರ್ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಹಣೆಯ ಮೇಲೆ ಇಟ್ಟಿಗೆ ಪುಡಿ ಮೆತ್ತಿತ್ತು.

"ಪೀಠ ಇಷ್ಟು ಹತ್ರಾನಾ?" ಅಂದರು. "ನನಗೇನ್ರಪ್ಪಾ, ಸಿಮೆಂಟಿನ ಮೇಲೆ ಪ್ರೀತಿನಾ? ಜನ ಬಿಸಿಲಲ್ಲಿ ನಿಲ್ಲೋದು ನೋಡೋಕಾಗ್ಲಿಲ್ಲ, ಅದಕ್ಕೆ ಕೆಡವೋಣ ಅಂದೆ."

ವಾದ ಆಮೇಲೂ ನಡೆಯಿತು. ಕೊನೆಗೆ ಒಂದು ಕಮಾನು ತೆರೆದು ನೋಡುವುದು, ಸರಿಬಾರದಿದ್ದರೆ ಹೊಸ ಕಟ್ಟಡ ಎಂದು ತೀರ್ಮಾನವಾಯಿತು. ಪರವಾಗಿ ಕೈ ಎತ್ತಿದವರು ಒಬ್ಬರಷ್ಟೇ ಹೆಚ್ಚು. ಆ ಒಬ್ಬರು ಫಾದರ್.

ಇನ್ನಾಸಿ


ಕನ್ಯಾಮಠ
೨೧ ಏಪ್ರಿಲ್ ೨೦೨೫

ಪ್ರೀತಿಯ ಇನ್ನಾಸಿ,

ಪಾಸ್ಖ ಹಬ್ಬದ ಬೆಳಗ್ಗೆ ಮದರ್ ಸುಪೀರಿಯರ್ ನಿನ್ನ ಎರಡು ಕಾಗದಗಳನ್ನು ತಟ್ಟೆಯ ಪಕ್ಕ ಇಟ್ಟಿದ್ದರು. ಕೈಯಲ್ಲಿದ್ದ ದೋಸೆ ಆರಿಹೋಯಿತು. ಒಪ್ಪಿಗೆಯ ಸಾಲನ್ನೂ ಓದಿದೆಯಲ್ಲ, ಒಳ್ಳೆಯದು ಮಾಡಿದೆ.

ಒಂದೇ ಒಂದು ಎಚ್ಚರಿಕೆ. ತುದಿಯ ಕಮಾನುಗಳನ್ನು ಮುಟ್ಟಬೇಡಿ. ಸಾಲಾಗಿ ಕೈಕೈ ಹಿಡಿದು ಒಬ್ಬರನ್ನೊಬ್ಬರು ನೂಕುತ್ತಾ ನಿಂತವರಲ್ಲಿ ತುದಿಯವರು ಗಟ್ಟಿಯಾಗಿ ಊರಿ ನಿಲ್ಲಬೇಕು. ಕಮಾನುಗಳೂ ಹಾಗೆಯೇ. ನಡುವಿನದರಿಂದ ಆರಂಭಿಸಿ. ತುದಿಯ ಎರಡು ಎಂದೆಂದಿಗೂ ಮುಚ್ಚಿಯೇ ಇರಲಿ.

ರಾಯರಿಗೆ ನನ್ನ ನಮಸ್ಕಾರ.

ಸೆಲೀನಾ


ಚಾಮರಾಜಪೇಟೆ
೨೭ ಏಪ್ರಿಲ್ ೨೦೨೫

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ನಾವು ಮಂಗಳವಾರವೇ ಆರಂಭಿಸಿದ್ದೆವು, ಪೀಠದ ಕಡೆಯ ತುದಿಯಿಂದ.

ಅಮ್ಮನಿಗೆ ಅಲ್ಲಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದು ನಾನೇ ಹಟ ಹಿಡಿದೆ. ರಾಯರು ನಡುವಿನದೇ ಮೊದಲು ಎಂದು ಹೇಳಿ ಮಂತ್ರಾಲಯಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯಲಿಲ್ಲ. ಮುಕ್ಕಾಲು ಪಾಲು ಇಟ್ಟಿಗೆ ತೆಗೆದಾಗ ಮೂಲೆಯಲ್ಲಿ ಸೌದೆ ಸೀಳಿದಂಥ ಸದ್ದು. ನೋಡಿದರೆ ಗೋಡೆಯ ಮೂಲೆಯಲ್ಲಿ ಕಮಾನಿನ ಬುಡದಿಂದ ಮೇಲಿನ ಅಂಚಿನವರೆಗೆ ಬಿರುಕು. ಬೆರಳು ಹೋಗುವಷ್ಟಿಲ್ಲ, ಬಳೆ ಹೋಗುವಷ್ಟಿದೆ.

ರಾಯರು ಬಂದವರು ಬ್ಯಾಗು ಮನೆಯಲ್ಲಿಡದೆ ನೇರ ಇಲ್ಲಿಗೇ ಬಂದರು. ಮರದ ಆನಿಕೆ ಕೊಡಿಸಿ, ಆಮೇಲೆ ನನ್ನ ಕಡೆ ತಿರುಗಿ, "ಒಂದು ವಾರ ರಾಯರ ದರ್ಶನಕ್ಕೆ ಹೋಗ್ಬಾರ್ದಾ ನಾನು?" ಅಂದರು. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ದೇವಾಲಯಕ್ಕೆ ಬೀಗ ಬಿದ್ದಿದೆ. ಪೂಜೆ ಪಕ್ಕದ ಶಾಲೆಯ ಹಾಲಿನಲ್ಲಿ. ಹೊಸ ಕಟ್ಟಡದ ಬಣ್ಣ ಬಣ್ಣದ ಚಿತ್ರವನ್ನು ಯಾರೋ ಆ ಹಾಲಿನಲ್ಲಿ ತೂಗುಹಾಕಿದ್ದಾರೆ. ಏನು ಮಾಡಲಿ, ಬೇಗ ಬರೆ.

ಇನ್ನಾಸಿ


ಕನ್ಯಾಮಠ
೩೦ ಏಪ್ರಿಲ್ ೨೦೨೫

ಪ್ರೀತಿಯ ಇನ್ನಾಸಿ,

ಧೈರ್ಯವಾಗಿರು. ಕಟ್ಟಡ ಬಿದ್ದಿಲ್ಲ, ಬೈದಿದೆ. ಬೈಯುವ ಕಟ್ಟಡಕ್ಕೆ ಇನ್ನೂ ಜೀವವಿದೆ ಎಂದರ್ಥ.

ತೆರೆದ ತುದಿಯನ್ನು ಮತ್ತೆ ಕಟ್ಟಿಸು. ಸಿಮೆಂಟು ಬೇಡ, ಸುಣ್ಣದಲ್ಲೇ ಕಟ್ಟಲಿ. ಹಳೆಯ ಗೋಡೆಗೆ ಹಳೆಯ ಸ್ನೇಹಿತನೇ ಆಗಬೇಕು. ಆಮೇಲೆ ಕಿಟಕಿ ಗಾಜಿನ ಸಣ್ಣ ಪಟ್ಟಿಗಳನ್ನು ಬಿರುಕಿನ ಅಡ್ಡಕ್ಕೆ ಮೂರು ಕಡೆ ಅಂಟಿಸಿ, ಮೇಲೆ ತಾರೀಕು ಬರೆಯಿರಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ತಿಂಗಳು ಒಡೆಯದಿದ್ದರೆ ಗೋಡೆ ನೆಲೆ ಕಂಡುಕೊಂಡಿದೆ. ಆಗ ನಡುವಿನ ಕಮಾನು ತೆರೆಯಿರಿ, ರಾಯರು ನಿಂತಿರುವಾಗ ಮಾತ್ರ.

ನಡುವಿನಿಂದ ಅಮ್ಮನಿಗೆ ಪೀಠ ಕೊಂಚ ಓರೆಯಾಗಿ ಕಾಣುತ್ತದೆ. ಕಾಣಲಿ ಬಿಡು. ಮಕ್ಕಳಿಬ್ಬರನ್ನೂ ಅವಳು ಓರೆಯಾಗಿಯೇ ನೋಡಿ ಬೆಳೆಸಿದವಳು.

ಈ ಕಾಗದವನ್ನು ಫಾದರಿಗೆ ಕೊಡು. ನಾನು ಹೂಂ ಅಂದರೆ ಯಾರೂ ಮಾತಾಡಲ್ಲ ಎಂದಿದ್ದರಂತಲ್ಲ, ಒಂದು ತಿಂಗಳು ಕಾಯಲಿ.

ಸೆಲೀನಾ


ಚಾಮರಾಜಪೇಟೆ
೮ ಜೂನ್ ೨೦೨೫

ಗಾಜು ಒಡೆದಿಲ್ಲ ಅಕ್ಕ. ಮೂರೂ ಹಾಗೇ ಇವೆ. ರಾಯರು ನಾಳೆ ಒಳ್ಳೆಯ ದಿನ ಎನ್ನುತ್ತಾರೆ. ಫಾದರಿಗೆ ಎಲ್ಲ ದಿನವೂ ಒಳ್ಳೆಯದೇ ಅಂತೆ. ನಾಳೆ ಆರಂಭ.

ಇನ್ನಾಸಿ


ಚಾಮರಾಜಪೇಟೆ
೧೭ ಆಗಸ್ಟ್ ೨೦೨೫

ಪ್ರೀತಿಯ ಅಕ್ಕ,

ನಿನ್ನೆ ರೋಕ್ಕರ ಹಬ್ಬವಾಯಿತು. ನಡುವಿನ ಮೂರು ಕಮಾನುಗಳೂ ತೆರೆದಿವೆ. ಅಂಗಳದ ನೆಲವನ್ನು ಏರಿಸಿ ಒಳಗಿನ ಮಟ್ಟಕ್ಕೆ ತಂದು, ಗೇಟಿನ ಕಡೆಗೆ ಇಳಿಜಾರು ಬಿಟ್ಟಿದ್ದೇವೆ, ಮೇಲೆ ಹೆಂಚಿನ ಚಾವಣಿ. ಆ ಗೋಡೆಯಲ್ಲಿದ್ದ ಶಿಲುಬೆಹಾದಿಯ ಪಟಗಳನ್ನು ಕಮಾನುಗಳ ನಡುವಿನ ಗಟ್ಟಿ ಭಾಗಕ್ಕೆ ಸರಿಸಿದೆವು. ಒಳಗೆ ಗಾಳಿ ಬೀಸುತ್ತದೆ ಅಕ್ಕ. ನಿನ್ನ ಕಂಬಗಳ ಮೇಲೆ ಈಗ ಬೇವಿನ ಮರದ ನೆರಳು ಆಡುತ್ತದೆ. ವಾದಿರಾಜ ರಾಯರು ಪಂಚೆ ಉಟ್ಟು ಬಂದು, ಪೂಜೆ ಮುಗಿಯುವವರೆಗೂ ಬಿರುಕು ಬಿಟ್ಟಿದ್ದ ಮೂಲೆಯನ್ನೇ ನೋಡುತ್ತಾ ನಿಂತಿದ್ದರು.

ಅಮ್ಮನ ಕುರ್ಚಿಯನ್ನು ಕೋಕಿಲಾ ತಳ್ಳಿಕೊಂಡು ಬಂದಳು. ಯಾರೂ ಎತ್ತಬೇಕಾಗಲಿಲ್ಲ. ಒಳಗೆ ಮುಂದಿನ ಸಾಲಿಗೆ ಕರೆದೊಯ್ಯುತ್ತೇವೆ ಎಂದರೆ ಕಮಾನಿನ ಕೆಳಗೆ ಬಂದಾಗ ಕೈಯೆತ್ತಿ, "ಇಲ್ಲೇ ಇರ್ಲಿ" ಅಂದಳು. ಒಂದು ಕಡೆ ಒಡಿಶಾದ ಹುಡುಗಿಯರು, ಇನ್ನೊಂದು ಕಡೆ ಬೆಂಚಿನವರು, ನಡುವೆ ಅವಳು. ಪೀಠ ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ.

"ಪೀಠದ ಬಟ್ಟೆ ಯಾರು ಒಗೆದಿದ್ದು?" ಅಂದಳು. "ನೀಲಿ ಜಾಸ್ತಿ ಹಾಕ್ಬಿಟ್ಟಿದಾರೆ."

ಆಮೇಲೆ ಕೋಕಿಲಾಳ ಕಡೆ ಕೈ ಚಾಚಿದಳು, ಕರ್ಚೀಫಿಗೆ.

ಮನೆಗೆ ಬಂದ ಮೇಲೆ, "ಕಾಣ್ತು ಅಂತ ಸೆಲೀನಾಗೆ ಬರಿ" ಅಂದಳು. ನಿನಗೆ ವಿಷಯ ತಿಳಿದಿದೆ ಎಂದು ಅವಳಿಗೆ ಯಾವಾಗ ಗೊತ್ತಾಯಿತೋ, ನಾನು ಹೇಳಿರಲಿಲ್ಲ. ಕಾರು ಮಾಡಿಕೊಂಡು ನಿನ್ನ ಹತ್ತಿರ ಕರೆದೊಯ್ಯುತ್ತೇನೆ ಎಂದೆ. "ಅವರ ಮಠದ ಬಾಗಿಲಿಗೂ ಮೆಟ್ಟಿಲಿದೆ, ಬೇಡ" ಎನ್ನುತ್ತಾಳೆ. ಮೆಟ್ಟಿಲು ನೆಪ ಅಕ್ಕ. ಕುರ್ಚಿಯಲ್ಲಿ ನಿನ್ನ ಕಣ್ಣಿಗೆ ಬೀಳಲು ಅವಳಿಗೆ ಇಷ್ಟವಿಲ್ಲ. ಹೇಗೆ ಒಪ್ಪಿಸುವುದೋ ತಿಳಿಯದು.

ಇನ್ನಾಸಿ


ಕನ್ಯಾಮಠ
೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಇನ್ನಾಸಿ,

ನಿನ್ನ ಕಾಗದವನ್ನು ಮದರಿಗೆ ಓದಿ ಹೇಳಿದೆ. "ಹಾಗಾದರೆ ಆ ನೆಪವನ್ನು ತೆಗೆದುಹಾಕು" ಎಂದರು. ನಮ್ಮ ಭೇಟಿಯ ಕೋಣೆಯ ಬಾಗಿಲಿಗೆ ಮೂರು ಮೆಟ್ಟಿಲು, ಮಠದ ಆವರಣದ ಒಳಗೇ. ತೋಟದ ಮೂಲೆಯಲ್ಲಿ ಹಳೆಯ ಇಟ್ಟಿಗೆ ಬಿದ್ದಿತ್ತು, ಸಿಮೆಂಟು ಮತ್ತು ಮರಳು ತರಿಸಿಕೊಟ್ಟರು. ಮೇಸ್ತ್ರಿ ಬೇಡ ಎಂದೆ.

ಮಂಗಳೂರಿನ ಚಿಕ್ಕ ಸಿಸ್ಟರ್ ಒಬ್ಬಳು ದಾರ ಹಿಡಿದಳು. ಇನ್ನಿಬ್ಬರು ಕಲಸಿಕೊಟ್ಟರು. ಕಟ್ಟಿದ್ದು ನಾನು. ಇಪ್ಪತ್ತಾರು ವರ್ಷದ ನಂತರ ಕೈಗೆ ಕರಣೆ ಬಂದಿತ್ತು. ಮೊದಲ ದಿನ ಸಾಲು ಸೊಟ್ಟಗೆ ಹೋಯಿತು, ಕಿತ್ತು ಮತ್ತೆ ಕಟ್ಟಿದೆ. ಕೋಕಿಲಾ ಒಬ್ಬಳೇ ಏದುಸಿರಿಲ್ಲದೆ ತಳ್ಳುವಷ್ಟು ನಿಧಾನವಾಗಿ ಏರುತ್ತದೆ. ಗಾಲಿ ಜಾರದಂತೆ ಮೇಲೆ ಗೀರು ಹಾಕಿದ್ದೇನೆ, ಎರಡು ಬದಿಗೂ ಅಂಚು ಕಟ್ಟಿದ್ದೇನೆ.

ಅಮ್ಮನಿಗೆ ಹೇಳು: ಅವಳ ಮಗಳಿಗೆ ಈಗ ಐವತ್ತೈದು, ಮುಂದಿನ ಒಂದು ಹಲ್ಲು ಹೋಗಿದೆ, ಮುಸುಕಿನ ಕೆಳಗೆ ಪೂರ್ತಿ ಬಿಳಿ. ನನಗೂ ಅವಳ ಕಣ್ಣಿಗೆ ಬೀಳಲು ಸಂಕೋಚವಿದೆ. ಆದರೂ ಬಾಗಿಲಲ್ಲಿ ನಿಂತಿರುತ್ತೇನೆ.

ಸಿಮೆಂಟು ಹಾಕಿ ನಾಲ್ಕು ದಿನವಾಯಿತು. ಬೆಳಗ್ಗೆ ಸಂಜೆ ನೀರು ಹಾಕುತ್ತಿದ್ದೇವೆ. ಮುಂದಿನ ಭಾನುವಾರದ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಕರೆದುಕೊಂಡು ಬಾ.

ಅಕ್ಕ
ಸೆಲೀನಾ